ಗಾಳಿಮನೆಯಲ್ಲಿಟ್ಟ ಕ್ಯಾಮೆರಾ

ಶನಿವಾರ ಮಧ್ಯಾಹ್ನ ಎಲ್ಸ್ಪಾ ಮನೆಯನ್ನೆಲ್ಲ ಜಾಲಾಡಿದಳು. ಅಟ್ಟ ಹುಡುಕಿದಳು, ದೋಣಿ ಕೊಟ್ಟಿಗೆ ಹುಡುಕಿದಳು, ಗಂಡನ ಹಳೆಯ ಬೂಟುಗಳ ಒಳಗೂ ಕೈಯಿಟ್ಟು ನೋಡಿದಳು. ಗಂಡನ ವಿಡಿಯೊ ಕ್ಯಾಮೆರಾ ಕೊನೆಗೂ ಸಿಕ್ಕಿದ್ದು ಗಾಳಿಮನೆಯಲ್ಲಿ, ತೂಗುಬಿದ್ದ ಕುರಿತೊಡೆಗಳ ಹಿಂದೆ, ಬಿಸ್ಕತ್ತಿನ ತಗಡು ಡಬ್ಬಿಯೊಳಗೆ.

ಫೇರೋ ದ್ವೀಪಗಳಲ್ಲಿ ಮನೆಯ ಪಕ್ಕದಲ್ಲಿ ಇಂಥದೊಂದು ಗೂಡು ಇದ್ದೇ ಇರುತ್ತದೆ. ಗೋಡೆಯ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟು ಕಟ್ಟಿದ್ದು. ಕಡಲ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟುಹೋಗುವಾಗ ಒಳಗಿನ ಮಾಂಸವನ್ನೂ ಮೀನನ್ನೂ ಒಣಗಿಸಿಟ್ಟು ಹೋಗುತ್ತದೆ. ಗಾಳಿಮನೆಯಲ್ಲಿಟ್ಟದ್ದು ಕೆಡುವುದಿಲ್ಲವೆಂದು ಅಲ್ಲಿಯವರು ಬೈಬಲ್ಲಿನಷ್ಟೇ ಗಟ್ಟಿಯಾಗಿ ನಂಬುತ್ತಾರೆ. ಆ ನಂಬಿಕೆಯಿಂದಲೇ ಪೇತುರ್ ಬೇಸಿಗೆಯ ದೋಣಿ ಪಂದ್ಯ ಮುಗಿದ ಮೇಲೆ ತನ್ನ ಕ್ಯಾಮೆರಾವನ್ನೂ ತೊಡೆಗಳ ಜೊತೆಗೆ ಇಟ್ಟು, ಮೀನುಹಡಗು ಹತ್ತಿ ಉತ್ತರದ ಕಡಲಿಗೆ ಹೋಗಿಬಿಟ್ಟಿದ್ದ.

ಎಲ್ಸ್ಪಾ ಡಬ್ಬಿಯನ್ನು ಎದೆಗವಚಿಕೊಂಡು ಅಡಿಗೆಮನೆಗೆ ಓಡಿಬಂದಳು. ಒಲೆಯ ಮೇಲೆ ಆಲೂಗಡ್ಡೆ ಕುದಿಯುತ್ತಿತ್ತು. ಕಿಟಕಿಯ ಗಾಜೆಲ್ಲ ಹಬೆ. ಮೇಜಿನ ಆಚೆ ಬದಿಯಲ್ಲಿ ಮಾವ ಹಾನುಸ್ ತನ್ನ ಕುರ್ಚಿಯಲ್ಲಿ ಕೂತಿದ್ದ. ಈಚೆ ಬದಿಯಲ್ಲಿ ನಾದಿನಿ ರಾಕುಲ್ ನಿಂತು ಬ್ರೆಡ್ಡು ಕೊಯ್ಯುತ್ತಿದ್ದಳು.

ರಾಕುಲ್ ಡಬ್ಬಿಯ ಮುಚ್ಚಳ ತೆಗೆದು ಮೂಗು ಹಿಂಡಿಕೊಂಡಳು. "ದೇವರೇ! ಅತ್ತಿಗೆ, ಇದನ್ನ ಹಚ್ಚೋದಾ, ಇಲ್ಲ ಹೆಚ್ಚಿ ಆಲೂಗಡ್ಡೆ ಜೊತೆ ಬಡಿಸೋದಾ?"

"ತಮಾಷೆ ಸಾಕು ಕಣೆ. ನಾಳೆ ಬೆಳಿಗ್ಗೆ ನನ್ನ ಮರ್ಯಾದೆ ಇದರೊಳಗಿದೆ."

ಅದು ಹೆಚ್ಚು ಮಾಡಿ ಹೇಳಿದ ಮಾತಲ್ಲ. ಆ ಊರಿಗೆ ಪಾದ್ರಿ ಬರುವುದು ತಿಂಗಳಿಗೊಮ್ಮೆ, ಕಡಲು ಮುನಿದರೆ ಅದೂ ಇಲ್ಲ. ಉಳಿದ ಭಾನುವಾರಗಳಲ್ಲಿ ಊರಿನವರೇ ಒಬ್ಬರು ಧರ್ಮಪ್ರಸಂಗ ಓದಿ, ಹಾಡು ಎತ್ತಿಕೊಡಬೇಕು. ವಾದ್ಯವಿಲ್ಲ, ಸ್ವರ ಬರೆದ ಪುಸ್ತಕವಿಲ್ಲ. ಎತ್ತಿಕೊಡುವವರ ಗಂಟಲೇ ವಾದ್ಯ, ಹಿರಿಯರ ಬಾಯೇ ಪುಸ್ತಕ. ಹಾಡುಗಳು ದ್ವೀಪಗಳಲ್ಲೆಲ್ಲ ಒಂದೇ, ರಾಗ ಮಾತ್ರ ಊರಿಗೊಂದು. ಹಾನುಸ್ ತನ್ನ ಯೌವನದಿಂದ ಈ ಊರಿನ ಹಾಡು ಎತ್ತಿಕೊಡುತ್ತಿದ್ದವನು. ಸೆಪ್ಟೆಂಬರಿನಲ್ಲಿ ಲಕ್ವ ಹೊಡೆದು ಅವನ ಬಲಗೈ ಬಿತ್ತು, ಮಾತು ಹೋಯಿತು. ಉಳಿದದ್ದು ಒಂದೇ ಒಂದು ಪದ: ಹೌದು. ಕಾಫಿ ಬೇಕೇ ಎಂದರೆ ಹೌದು, ಬೇಡವೇ ಎಂದರೂ ಹೌದು.

ಅವನ ನಂತರ ಯಾರು ಎಂಬ ಮಾತು ಬಂದಾಗ ಊರವರು ಎಲ್ಸ್ಪಾಳ ಕಡೆ ನೋಡಿದರು. ಮಗಳು ರಾಕುಲ್ ಬಾಯಿ ತೆರೆದರೆ ಕುರಿಗಳು ಗುಡ್ಡ ಹತ್ತುತ್ತವೆ, ಎಲ್ಸ್ಪಾಳದು ಜೇನುಗಂಟಲು. ಆದರೆ ಅವಳು ಹುಟ್ಟಿದ್ದು ತೆಂಕಣ ಸುದುರೋಯ್ ದ್ವೀಪದಲ್ಲಿ. ಮದುವೆಯಾಗಿ ಬಂದು, ಮಕ್ಕಳು ಬೆಳೆದು ದೊಡ್ಡವರಾಗಿದ್ದರೂ ಅವಳ ಗಂಟಲಿಗೆ ತವರಿನ ದಾರಿ ಮರೆತಿರಲಿಲ್ಲ. ನಾಳೆ ಅಡ್ವೆಂಟಿನ, ಅಂದರೆ ಕ್ರಿಸ್ಮಸ್ಸಿಗೆ ಕಾಯುವ ನಾಲ್ಕು ವಾರಗಳ, ಮೊದಲ ಭಾನುವಾರ. ಹಾಡಬೇಕಾದದ್ದು ಇದು:

ಕತ್ತಲೆ ಕವಿದ ಕಡಲಿನ ಮೇಲೆ
ಹತ್ತಿರ ಬಂದಿತು ಬೆಳಕೊಂದು;
ಎತ್ತಿರಿ ಅಗುಳಿಯ, ತೆರೆಯಿರಿ ಕದವ,
ಮತ್ತೆ ಬರುವನು ದೊರೆಯಿಂದು.

ಮೊದಲೆರಡು ಸಾಲು ಸಲೀಸು. ತೊಡಕಿದ್ದದ್ದು ಮೂರನೆಯದರಲ್ಲಿ. 'ಅಗುಳಿಯ' ಎಂಬಲ್ಲಿ ಅವಳ ತವರಿನಲ್ಲಿ ದನಿ ನೇರ ಮೇಲಕ್ಕೆ ಏರುತ್ತದೆ. ಈ ಊರಿನಲ್ಲಿ ಮೊದಲು ಒಂದು ಮೆಟ್ಟಲಿಳಿದು, ಕಾಲೂರಿ, ಆಮೇಲೆ ಏರುತ್ತಾರೆ. ಹಾಗೆಂದು ಅವಳ ನೆನಪು. ನಿಜವಾಗಿ ಹಾಗೆಯೇ ಏನು? ಎರಡು ವಾರದಿಂದ ಹಾಡಿಕೊಂಡು ಹಾಡಿಕೊಂಡು ಎರಡೂ ದಾರಿ ಕಲಸಿಹೋಗಿದ್ದವು. ಮಾವನ ಮುಂದೆ ಕೂತು ಇಳಿದು ಹತ್ತಿ ಹಾಡಿದರೆ "ಹೌದು" ಎನ್ನುವನು. ನೇರ ಏರಿ ಹಾಡಿದರೂ "ಹೌದು" ಎನ್ನುವನು. ಪಾಪ, ಕಾಯಿಲೆ.

ಇದರ ಮೇಲೆ ಮಾಲನಜ್ಜಿ ಬೇರೆ. ಇಗರ್ಜಿಯ ಮೊದಲ ಬೆಂಚಿನಲ್ಲಿ ಕೂರುವ ಮುದುಕಿ, ಊರಿನ ರಾಗಕ್ಕೆ ತಾನೇ ಕಾವಲು ಎಂಬಂತೆ ಇರುವವಳು. ಶುಕ್ರವಾರ ಅಂಗಡಿಯಲ್ಲಿ ಎಲ್ಲರೆದುರು ಹೇಳಿದ್ದಳು: "ಭಾನುವಾರ ನೋಡೋಣ, ದೋಣಿ ಹತ್ತಿ ಯಾವೂರ ರಾಗ ಬರುತ್ತೆ ಅಂತ."

ಎಲ್ಸ್ಪಾಳಿಗೆ ಉಳಿದಿದ್ದ ಆಸರೆ ಒಂದೇ. ಪೇತುರ್ ಎರಡು ವರ್ಷ ಸಾಲಾಗಿ ಅಡ್ವೆಂಟಿಗೆ ಊರಲ್ಲಿದ್ದ; ಇಗರ್ಜಿಯೊಳಗೆ ಒಂದು ಸಲ ಹಿಂದೆ, ಮರುಸಲ ಮುಂದಿನ ಮೂಲೆಯಲ್ಲಿ ನಿಂತು ಅಪ್ಪನ ಹಾಡನ್ನು ಟೇಪಿಗೆ ಹಿಡಿದಿದ್ದ. ಆ ಟೇಪು ಕ್ಯಾಮೆರಾದ ಹೊಟ್ಟೆಯಲ್ಲೇ ಇತ್ತು. ಊರಲ್ಲಿ ಅಂಥ ಚಿಕ್ಕ ಟೇಪು ಓಡಿಸುವ ಯಂತ್ರ ಇನ್ನೊಂದಿರಲಿಲ್ಲ.

ಆ ಕ್ಯಾಮೆರಾ ಈಗ ಉಸಿರಾಡುತ್ತಿರಲಿಲ್ಲ. ಗುಂಡಿ ಒತ್ತಿದರು, ಏನೂ ಇಲ್ಲ. ಬ್ಯಾಟರಿ ಮಂಜುಗಡ್ಡೆಯಂತೆ ತಣ್ಣಗಿತ್ತು. "ಚಳೀಲಿ ಬ್ಯಾಟರಿಗೆ ಜೀವ ಬರಲ್ಲ ಅತ್ತಿಗೆ," ಎಂದು ರಾಕುಲ್ ಅದನ್ನು ಕಳಚಿ ಸ್ವೆಟರಿನೊಳಗೆ, ಕಂಕುಳಲ್ಲಿ ಇಟ್ಟುಕೊಂಡು "ಅಮ್ಮಾ!" ಎಂದು ಕಿರುಚಿದಳು. ಸ್ವಲ್ಪ ಹೊತ್ತಿಗೆ ತೆಗೆದು ಹಾಕಿ, ಚಾರ್ಜರಿನ ತಂತಿ ಚುಚ್ಚಿದರು. ಕೆಂಪು ದೀಪ ಹತ್ತಲಿಲ್ಲ. ಬೇರೆ ಪ್ಲಗ್ಗಿಗೆ ಹಾಕಿದರು. ಆಗಲೂ ಇಲ್ಲ.

"ಗಾಳಿಮನೇಲಿ ಕೆಡಲ್ಲವಂತೆ," ಎಂದು ಎಲ್ಸ್ಪಾ ಹಲ್ಲು ಕಡಿದಳು. "ಬರಲಿ ನಿಮ್ಮಣ್ಣ. ಅವನನ್ನೂ ಅಲ್ಲೇ ತೂಗುಹಾಕ್ತೀನಿ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಶನಿವಾರದ ಫೋನು ಎಂದರೆ ಪೇತುರ್‌ನದೇ. ಹಡಗಿನಿಂದ ಮಾತು ಬಂದು ಸೇರಲು ಒಂದು ಉಸಿರಿನಷ್ಟು ತಡವಾಗುತ್ತಿತ್ತು. ಇಬ್ಬರೂ ಒಟ್ಟಿಗೇ ಮಾತಾಡಿ ಇಬ್ಬರೂ ಒಟ್ಟಿಗೇ ಸುಮ್ಮನಾಗುವುದು ಆ ದಂಪತಿಗೆ ರೂಢಿಯಾಗಿತ್ತು.

"ಮೀನು ಚೆನ್ನಾಗಿ ಬೀಳ್ತಿದೆ—"

"ಕ್ಯಾಮೆರಾ ಸತ್ತಿದೆ!"

"ಯಾರು ಸತ್ತರು?"

"ಕ್ಯಾಮೆರಾ! ಬ್ಯಾಟರಿ ತುಂಬ್ತಿಲ್ಲ. ಪ್ಲಗ್ಗಿಗೆ ಹಾಕಿದ್ರೂ ದೀಪ ಹತ್ತಲ್ಲ. ಮಾವನ ಹಾಡು ಬೇಕು ನಂಗೆ, ನಾಳೆಗೆ."

ಉಸಿರಿನ ತಡ. "ತಿರುಗಿಸೋ ಗುಂಡಿ ಎಲ್ಲಿದೆ? ಆರಿಸಿರೋ ಕಡೆನೋ, ಚಿತ್ರ ತೆಗೆಯೋ ಕಡೆನೋ?"

ರಾಕುಲ್ ಬಗ್ಗಿ ನೋಡಿದಳು. "ಚಿತ್ರ ತೆಗೆಯೋ ಕಡೆ."

"ಅಯ್ಯೋ, ಬೇಸಿಗೆಯಿಂದ ಹಾಗೇ ಬಿಟ್ಟಿದ್ದೀನಾ? ಅದಕ್ಕೇ. ಸುಮ್ನೆ ಬಿಟ್ರೆ ಅದು ನಿದ್ದೆ ಹೋಗುತ್ತೆ. ನಿದ್ದೇಲಿರೋವಾಗ ಹೊಟ್ಟೆ ತುಂಬಿಸ್ಕೊಳ್ಳಲ್ಲ. ಪೂರ್ತಿ ಆರಿಸಿ, ಆಗ ದೀಪ ಹತ್ತುತ್ತೆ. ಆಮೇಲೆ ಮಧ್ಯದ ಪುಟ್ಟ ಹಸಿರು ಗುಂಡಿ ಒತ್ತಿ ಹಿಡ್ಕೊಂಡೇ ಟೇಪು ನೋಡೋ ಕಡೆಗೆ ತಿರುಗಿಸಬೇಕು. ಬಲ ಬೇಡ. ರಾಕುಲ್ ಕೈಗೆ ಕೊಡಬೇಡ."

"ಕೇಳಿಸ್ತು ಅಣ್ಣಾ!" ಎಂದು ರಾಕುಲ್ ಕೂಗಿದಳು.

ಗುಂಡಿಯನ್ನು ಪೂರ್ತಿ ಆರಿಸುವ ಕಡೆಗೆ ತಿರುಗಿಸಿದ್ದೇ ತಡ, ಕೆಂಪು ದೀಪ ಹತ್ತಿತು. ಸಾಸಿವೆ ಕಾಳಿನಷ್ಟು ದೀಪ. ಎಲ್ಸ್ಪಾಳ ಕಣ್ಣಿಗೆ ಅದು ಬಂದರಿನ ದೀಪಸ್ತಂಭದಂತೆ ಕಂಡಿತು. ಹಸಿರು ಗುಂಡಿ ಒತ್ತಿ ಹಿಡಿದು ತಿರುಗಿಸಿದಳು. ಒಳಗೆ ಏನೋ ಗುರ್ರೆಂದಿತು, ಪಕ್ಕದಲ್ಲಿ ನೀರಹನಿಯಂಥ ಒಂದು ಗುರುತು ಮಿನುಗಿತು, ಕ್ಯಾಮೆರಾ ಮತ್ತೆ ತಾನಾಗಿಯೇ ಆರಿಹೋಯಿತು.

"ಹನಿಯಾ? ಎಲ್ಲಿಂದ ತಂದಿರಿ ಅದನ್ನ ಈಗ?" ಎಂದು ಪೇತುರ್ ಕೇಳಿದ.

"ನೀನಿಟ್ಟಲ್ಲಿಂದ. ಗಾಳಿಮನೆಯಿಂದ."

"ಸೀದಾ ಅಡಿಗೆಮನೆಗಾ? ಏನು ಬೇಯ್ತಿದೆ?"

"ಆಲೂಗಡ್ಡೆ."

ಆ ಕಡೆ ನಿಟ್ಟುಸಿರು ಬಿಟ್ಟದ್ದು ಸಮುದ್ರ ದಾಟಿ ಬಂತು. "ಚಳಿಯಿಂದ ಹಬೆಗೆ ತಂದ್ರೆ ಮೈಯೆಲ್ಲ ಬೆವರುತ್ತೆ ಅದು. ಒಳಗೂ ಬೆವರುತ್ತೆ. ಟೇಪು ಅಂಟಿಕೊಂಡು ಹರೀಬಾರ್ದು ಅಂತ ತಾನೇ ಬಾಗಿಲು ಹಾಕ್ಕೊಂಡಿದೆ. ಕೆಟ್ಟಿಲ್ಲ, ಜಾಣತನ ಅದು. ಟೇಪಿನ ಮುಚ್ಚಳ ತೆಗೆದು, ಹಬೆ ಇಲ್ಲದ ಕಡೆ ಒಂದು ಗಂಟೆ ಇಡಿ."

ಅಷ್ಟರಲ್ಲಿ ರಾಕುಲ್ ಒಲೆಯ ಗೂಡಿನ ಬಾಗಿಲು ತೆಗೆದಾಗಿತ್ತು. "ಒಲೆ ಗೂಡಲ್ಲಿಟ್ರೆ ಬೇಗ ಒಣಗುತ್ತಲ್ವಾ?"

"ಒಲೇಲಿ ಇಡಬೇಡ!" ಗಂಡಹೆಂಡಿರು ಆ ದಿನ ಮೊದಲ ಬಾರಿಗೆ ಒಂದೇ ಮಾತನ್ನು ಒಂದೇ ಹೊತ್ತಿಗೆ ಆಡಿದರು.

ಹಡಗಿನಲ್ಲಿ ಫೋನಿಗೆ ಸಾಲು ನಿಂತಿತ್ತು. ತಾನು ಕೇಳಿದೆನೆಂದು ಅಪ್ಪನಿಗೆ ಹೇಳಿ ಎಂದು ಪೇತುರ್ ಫೋನು ಇಟ್ಟುಬಿಟ್ಟ.

ಕ್ಯಾಮೆರಾವನ್ನು ನಡುಮನೆಯ ಕಪಾಟಿನ ಮೇಲೆ ಬಾಯಿ ತೆರೆದು ಮಲಗಿಸಿದರು. ಆಲೂಗಡ್ಡೆ ತಿಂದರು, ರಬಾರ್ಬ್ ಎಂಬ ಹುಳಿದಂಟಿನ ಜಾಮು ಸವರಿದ ಬ್ರೆಡ್ಡು ತಿಂದರು, ಕಾಫಿ ಕುಡಿದರು. ಹೊರಗೆ ಆಗಲೇ ಮಬ್ಬು. ಎಲ್ಸ್ಪಾ ಎದ್ದು ಹೋಗಿ ಕ್ಯಾಮೆರಾ ಮುಟ್ಟಿ ನೋಡಿ ಬರುವಳು, ಕೂರುವಳು, ಮತ್ತೆ ಏಳುವಳು. "ಮಗುವಿಗೆ ಜ್ವರ ಬಂದ ಹಾಗೆ ಆಡ್ತೀಯಲ್ಲ," ಎಂದಳು ರಾಕುಲ್. ನಾಳೆ ಬೆಳಿಗ್ಗೆ ಇಡೀ ಊರು ತನ್ನ ಬೆನ್ನ ಹಿಂದೆ ನಿಂತಿರುವಾಗ, ಮೂರನೆಯ ಸಾಲಿನ ಅಂಚಿನಲ್ಲಿ ತಾನು ಒಬ್ಬಳೇ ಕಾಲು ಎತ್ತಿ ನಿಂತಿರುವುದು ಎಲ್ಸ್ಪಾಳ ಕಣ್ಣಿಗೆ ಕಟ್ಟುತ್ತಿತ್ತು. ಇಳಿಯಬೇಕೋ, ಏರಬೇಕೋ?

ಗಂಟೆ ಕಳೆದ ಮೇಲೆ ಮುಚ್ಚಳ ಮುಚ್ಚಿ, ಮಾವನ ಎದುರಿಗೇ ಮೇಜಿನ ಮೇಲಿಟ್ಟು, ಪ್ರಾರ್ಥನೆಯಂಥದೇನೋ ತುಟಿಯಲ್ಲೇ ಹೇಳಿಕೊಂಡು ಗುಂಡಿ ತಿರುಗಿಸಿದಳು. ಹನಿ ಗುರುತು ಇರಲಿಲ್ಲ. ಟೇಪು ಓಡಿತು. ಬೆಂಚಿನ ಕಿರಿಕಿರಿ, ಯಾರದೋ ಕೆಮ್ಮು, ಬೂಟಿನ ಸದ್ದು ಕೇಳಿಸಿತು. ಆದರೆ ಬದಿಯಿಂದ ತೆರೆದುಕೊಳ್ಳುವ ಪುಟ್ಟ ಪರದೆ ಕಡಲ ಇರುಳಿನಂತೆ ಕಪ್ಪಾಗಿತ್ತು.

"ಹೋಯ್ತು. ಕಣ್ಣು ಹೋಯ್ತು ಇದರದು," ಎಂದಳು ಎಲ್ಸ್ಪಾ.

"ಕಿವಿ ಇದೆಯಲ್ಲ, ಸಾಕು ಬಿಡು. ಹಾಡು ತಾನೇ ಬೇಕಿರೋದು?" ಎನ್ನುತ್ತಲೇ ರಾಕುಲ್ ಟಾರ್ಚು ತಂದು, ಬೇರೇನಾದರೂ ಗುಂಡಿ ಇದೆಯೋ ಎಂದು ಹುಡುಕತೊಡಗಿದಳು. ಬೆಳಕು ಪರದೆಯ ಮೇಲೆ ಓರೆಯಾಗಿ ಬಿದ್ದದ್ದೇ ಅವಳು ಕೂಗಿದಳು: "ಅತ್ತಿಗೆ, ಒಳಗೆ ಜನ ಇದ್ದಾರೆ!"

ನಿಜ. ಮಂಜಿನಾಚೆ ನಿಂತವರಂತೆ ಮಸುಕುಮಸುಕಾಗಿ ತಲೆಗಳು, ಬೆಂಚುಗಳು, ಹಾನುಸ್‌ನ ಅಗಲವಾದ ಬೆನ್ನು. ಚಿತ್ರ ಇತ್ತು, ಚಿತ್ರದ ಹಿಂದಿನ ದೀಪ ಆರಿತ್ತು. ಪರದೆಯ ಅಂಚಿನಲ್ಲಿ ಪುಟ್ಟ ಬಲ್ಬಿನ ಗುರುತಿದ್ದ ಒಂದು ಗುಂಡಿ ಸಿಕ್ಕಿತು. ಬಿಸಿಲಿನಲ್ಲಿ ಬ್ಯಾಟರಿ ಉಳಿಸಲು ಪೇತುರ್ ಆರಿಸಿದ್ದಿರಬೇಕು. ರಾಕುಲ್ ಅದನ್ನು ಒತ್ತಿದಳು. ಇಡೀ ಇಗರ್ಜಿ ಬೆಳಗಿತು.

"ಯಾರ ಕೈಗೆ ಕೊಡಬೇಡ ಅಂದನಂತೆ ನಮ್ಮಣ್ಣ?"

ಎಲ್ಸ್ಪಾ ಪರದೆಯತ್ತ ಬಾಗಿದಳು. ಟೇಪಿನಲ್ಲಿ ಹಾನುಸ್‌ನ ದನಿ ಮೇಲೆದ್ದಿತ್ತು. ಒಡೆದ ಬಂಡೆಯೊಳಗಿಂದ ನೀರು ಬರುವ ಹಾಗೆ ನಿಧಾನವಾಗಿ, ತನ್ನ ತೂಕಕ್ಕೆ ತಾನೇ ಬಾಗುತ್ತ ಬಂತು. 'ಎತ್ತಿರಿ ಅಗುಳಿಯ.' ದನಿ ಒಂದು ಮೆಟ್ಟಲಿಳಿಯಿತು, ಕಾಲೂರಿತು, ಏರಿತು. "ಇಳಿದು ಹತ್ತೋದು! ನಾನು ಸರಿಯಾಗೇ ನೆನಪಿಟ್ಟಿದ್ದೆ!" ಎಂದು ಎಲ್ಸ್ಪಾ ಮೇಜು ಬಡಿದಳು.

ಇನ್ನೊಮ್ಮೆ ಕೇಳಬೇಕು, ಹತ್ತು ಸಲ ಕೇಳಬೇಕು. ಆದರೆ ಹಿಂದಕ್ಕೆ ಓಡಿಸುವ ಗುಂಡಿ ಉಪ್ಪುಗಾಳಿಗೆ ಹಿಡಿದುಕೊಂಡು ಒಳಕ್ಕೇ ಹೋಗುತ್ತಿರಲಿಲ್ಲ. ಡಬ್ಬಿಯಲ್ಲಿ ಚಪ್ಪಟೆ ರಿಮೋಟು ಇತ್ತು. ಅದರ ಗುಂಡುಬಿಲ್ಲೆ ಬ್ಯಾಟರಿ ಸತ್ತಿತ್ತು. ರಾಕುಲ್ ಅಡಿಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಿಂದ ಒಂದನ್ನು ಕಿತ್ತು ಹಾಕಿದಳು. ಪರದೆಗೆ ಗುರಿಯಿಟ್ಟು ಒತ್ತಿದಳು. ಏನೂ ಆಗಲಿಲ್ಲ. ಹತ್ತಿರ ಹಿಡಿದು ಒತ್ತಿದಳು, ಪರದೆಗೆ ತಾಗಿಸಿಯೇ ಒತ್ತಿದಳು, ಕೊನೆಗೆ ಅಂಗೈಗೆ ಬಡಿದುಕೊಂಡು ಒತ್ತಿದಳು. "ಕತ್ತೆಗೆ ಹೇಳಿದ್ರೂ ಇಷ್ಟೊತ್ತಿಗೆ ಕೇಳ್ತಿತ್ತು," ಎಂದು ಅದನ್ನು ಮೇಜಿನ ಆಚೆಗೆ ತಳ್ಳಿಬಿಟ್ಟಳು.

ರಿಮೋಟು ಜಾರಿಕೊಂಡು ಹಾನುಸ್‌ನ ಎಡಗೈ ಹತ್ತಿರ ನಿಂತಿತು. ಮುದುಕ ಅದನ್ನೆತ್ತಿಕೊಂಡ. ತಿರುಗಿಸಿ ನೋಡಿದ. ಹೆಬ್ಬೆರಳಿನಿಂದ ಒತ್ತಿದ.

ಟೇಪು ಸರ್ರನೆ ಹಿಂದಕ್ಕೆ ಓಡಿತು.

"ಅದು ಹೇಗೆ!" ರಾಕುಲ್ ಎದ್ದುಹೋಗಿ ಅಪ್ಪನ ಪಕ್ಕ ನಿಂತು ನೋಡಿದಳು. ಕ್ಯಾಮೆರಾ ಅವನ ಕಡೆಗೆ ಮುಖ ಮಾಡಿ ಕೂತಿತ್ತು. ಮಸೂರದ ಕೆಳಗೆ ಕಡುಗೆಂಪು ಗಾಜಿನ ಚಿಕ್ಕ ಕಿಂಡಿ. "ಇದರ ಕಿವಿ ಮುಂದಿದೆ ಅತ್ತಿಗೆ! ನಾವು ಇಷ್ಟೊತ್ತೂ ಬೆನ್ನಿಗೆ ಹೇಳ್ತಾ ಇದ್ವಿ."

"ಹೌದು," ಎಂದ ಹಾನುಸ್.

ಅವನೇ ನಿಲ್ಲಿಸಿದ, ಅವನೇ ಓಡಿಸಿದ. ಮೂರನೆಯ ಸಾಲು ಮತ್ತೆ ಬಂತು. ಇಳಿದು, ಕಾಲೂರಿ, ಹತ್ತಿತು. ಎಲ್ಸ್ಪಾ ಸಣ್ಣಗೆ ದನಿಗೂಡಿಸಿದಳು. "ಇನ್ನೊಂದ್ಸಲ ಹಾಕಿ ಮಾವ," ಎಂದಳು. ಹಾನುಸ್ ಹಿಂದಕ್ಕೆ ಒತ್ತಲಿಲ್ಲ. ಮುಂದಕ್ಕೆ ಒತ್ತಿದ.

"ಅಪ್ಪಾ, ಆ ಕಡೆ ಅಲ್ಲ, ಈ ಕಡೆ ಬಾಣ," ಎಂದು ರಾಕುಲ್ ಕೈ ಚಾಚಿದಳು. ಮುದುಕ ರಿಮೋಟನ್ನು ಎದೆಗೆ ಒತ್ತಿಕೊಂಡು, ಹುಬ್ಬು ಗಂಟಿಕ್ಕಿ, ಕೊಡುವುದಿಲ್ಲವೆಂದು ತಲೆಯಾಡಿಸಿದ. ಪರದೆ ಅವನ ಕಡೆಗಿರಲಿಲ್ಲ, ಕಿವಿಯಿಂದಲೇ ಹುಡುಕುತ್ತಿದ್ದ. ಓಡಿಸುವನು, ನಿಲ್ಲಿಸಿ ಕೇಳುವನು, ಮತ್ತೆ ಓಡಿಸುವನು. ಪರದೆಯಲ್ಲಿ ಜನ ಕಪ್ಪೆಗಳಂತೆ ಕುಪ್ಪಳಿಸಿ ಹೊರಗೆ ಹೋದರು, ಯಾರದೋ ಕುರಿಗಳು ಬಂದವು, ಮಳೆ ಬಂತು, ಮತ್ತೆ ಇಗರ್ಜಿ ಬಂತು. ಮರುವರ್ಷದ ಅಡ್ವೆಂಟು, ಈ ಸಲ ಮುಂದಿನ ಮೂಲೆಯಿಂದ ಹಿಡಿದದ್ದು. ಅಲ್ಲಿ ನಿಲ್ಲಿಸಿ, ಓಡಲು ಬಿಟ್ಟು, ರಿಮೋಟನ್ನು ಮೇಜಿನ ಮೇಲಿಟ್ಟು ಸೊಸೆಯ ಮುಖ ನೋಡುತ್ತ ಕೂತ.

ಅದೇ ದನಿ, ಅದೇ ಹಾಡು. ಮೊದಲನೆಯ ಸಾಲು, ಎರಡನೆಯದು. 'ಎತ್ತಿರಿ ಅಗುಳಿಯ.' ದನಿ ಇಳಿಯಲಿಲ್ಲ. ಹಕ್ಕಿ ಬಂಡೆಯಂಚಿನಿಂದ ಎದ್ದ ಹಾಗೆ ನೇರ ಮೇಲಕ್ಕೇರಿತು.

ಎಲ್ಸ್ಪಾ ಎದ್ದು ನಿಂತಳು. "ಇದು ನಮ್ಮೂರ ದಾರಿ. ನಮ್ಮಮ್ಮ ಹಾಡೋದು ಹೀಗೆ."

ಪರದೆಗೆ ಮುಖವಿಟ್ಟು ನೋಡಿದಳು. ಮೊದಲ ಬೆಂಚಿನಲ್ಲಿ ಮಾಲನಜ್ಜಿ ಕೂತಿದ್ದಳು, ಕಪ್ಪು ಶಾಲು ಹೊದ್ದು. ಹುಬ್ಬು ಏರಿಸಿರಲಿಲ್ಲ, ಪಕ್ಕದವಳ ಪಕ್ಕೆ ತಿವಿದಿರಲಿಲ್ಲ. ಕಣ್ಣು ಮುಚ್ಚಿ, ಬಾಯಿ ಅಗಲವಾಗಿ ತೆರೆದು, ತನ್ನದೇ ದಾರಿಯಲ್ಲಿ ಎಲ್ಲೋ ಹಿಂದೆ ರಾಗ ಎಳೆಯುತ್ತಿದ್ದಳು. ಅವಳ ಪಕ್ಕದವಳು ಇನ್ನೆಲ್ಲೋ ಇದ್ದಳು. ಎಲ್ಸ್ಪಾ ಇಷ್ಟು ವರ್ಷ ಮಾವನ ದನಿಯೊಂದಕ್ಕೇ ಕಿವಿಗೊಟ್ಟು, ತಪ್ಪಬಾರದು ತಪ್ಪಬಾರದು ಎನ್ನುತ್ತ ಹಾಡಿದವಳು. ಉಳಿದವರು ಹೇಗೆ ಹಾಡುತ್ತಾರೆಂದು ಕೇಳಿರಲೇ ಇಲ್ಲ. ಗುಡ್ಡದ ಮೇಲಿನ ಕುರಿಗಳು ಒಂದೊಂದು ಜಾಡು ಹಿಡಿದು ಇಳಿದು ಒಂದೇ ಬೇಲಿಯ ಬಾಯಿಗೆ ಬರುವಂತೆ, ಎಲ್ಲರೂ 'ಕದವ' ಎಂಬಲ್ಲಿಗೆ ಬಂದು ಕೂಡಿಕೊಂಡರು.

"ಮಾವ," ಎಂದಳು ಎಲ್ಸ್ಪಾ. ಪರದೆ ಬಿಟ್ಟು ಅವನತ್ತ ತಿರುಗಿದಳು. "ಇಳಿದು ಹತ್ತಬಹುದಾ?"

"ಹೌದು."

"ನೇರ ಏರಬಹುದಾ?"

"ಹೌದು!" ಎಂದ ಹಾನುಸ್, ಇನ್ನೆಷ್ಟು ಸಲ ಹೇಳಬೇಕು ಎನ್ನುವಂತೆ. ಎಡಗೈಯನ್ನು ಗಾಳಿಯಲ್ಲಿ ಅಗಲಕ್ಕೆ ಬೀಸಿ ತೋರಿಸಿದ. ಆಮೇಲೆ ಅವನ ಭುಜ ಅಲುಗತೊಡಗಿತು. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು.

"ಎರಡು ವಾರದಿಂದ ಇದನ್ನೇ ಹೇಳ್ತಾ ಇದ್ದಿರಾ ನೀವು?" ಎಂದು ಎಲ್ಸ್ಪಾ ಕುರ್ಚಿಗೆ ಕುಸಿದಳು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. 

"ಅಪ್ಪ ಹೇಳ್ತಾನೇ ಇದ್ದ, ನಾವು ಕಾಯಿಲೆ ಅಂದ್ಕೊಂಡ್ವಿ," ಎಂದಳು ರಾಕುಲ್ ಮೆಲ್ಲಗೆ. ಆಮೇಲೆ ತನ್ನ ಎಂದಿನ ದನಿಯಲ್ಲಿ, "ಹಾಗಾದ್ರೆ ನಾನೂ ಹಾಡಬಹುದಾ ಅಪ್ಪ?" ಎಂದು ಕೇಳಿದಳು.

ಹಾನುಸ್ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆ ಒಂದು ಸಲ ಅವನ ಬಾಯಿಂದ ಯಾವ ಪದವೂ ಬರಲಿಲ್ಲ.

ಭಾನುವಾರ ಇಗರ್ಜಿಯಲ್ಲಿ ಅಡ್ವೆಂಟಿನ ಮೊದಲ ಮೇಣದಬತ್ತಿ ಹಚ್ಚಿದರು. ಹಾನುಸ್ ಮಗಳ ತೋಳು ಹಿಡಿದು ಬಂದು ಪಕ್ಕದ ಬೆಂಚಿನಲ್ಲಿ ಕೂತ. ಎಲ್ಸ್ಪಾ ಮುಂದೆ ನಿಂತು ಹಾಡು ಎತ್ತಿದಳು. ಮೊದಲ ಸಾಲನ್ನು ಒಬ್ಬಳೇ ಹಾಡಿದಳು. ಎರಡನೆಯದರಲ್ಲಿ ಬೆನ್ನ ಹಿಂದೆ ಊರಿನ ದನಿ ಅಲೆಯಂತೆ ಎದ್ದು ಅವಳನ್ನು ಎತ್ತಿಕೊಂಡಿತು. ಮೂರನೆಯದು ಬಂದದ್ದೂ ಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ. ಅವಳಾಗಲೇ ಕದದ ಆಚೆಗಿದ್ದಳು.

ಹೊರಗೆ ಬಂದಾಗ ರಾಕುಲ್‌ಳನ್ನು ಕೇಳಿದಳು: "ಮೂರನೇ ಸಾಲಲ್ಲಿ ಯಾವ ಕಡೆ ಹೋದೆ ನಾನು? ಇಳಿದೆನಾ, ಏರಿದೆನಾ?"

"ಯಾರನ್ನ ಕೇಳ್ತಿದ್ದೀಯಾ ಅತ್ತಿಗೆ! ನನ್ನ ಕಿವಿ ಇರೋದು ಟೊಪ್ಪಿಗೆ ನಿಲ್ಲಿಸೋಕೆ."

ಅಷ್ಟರಲ್ಲಿ ಯಾರೋ ತೋಳು ಹಿಡಿದರು. ಮಾಲನಜ್ಜಿ. ಕಪ್ಪು ಶಾಲಿನೊಳಗಿಂದ ಕೋಲಿನಂಥ ಬೆರಳು ಎಲ್ಸ್ಪಾಳ ಎದೆಗೆ ನೆಟ್ಟಿತು.

"ಆ ಮೂರನೇ ಸಾಲು," ಎಂದಳು ಅಜ್ಜಿ.

ಎಲ್ಸ್ಪಾ ಅಲ್ಲೇ ನಿಂತಳು. "ಹೇಳಿ ಅಜ್ಜಿ."

"ಅದರ ಮುಂಚೆ ಸ್ವಲ್ಪ ನಿಲ್ಲಮ್ಮಾ. ನಿಂಗೇನು, ಪ್ರಾಯ, ಓಡ್ತೀಯ. ನಂಗೆ ಉಸಿರು ಸಾಲಲ್ಲ."

"ಅಷ್ಟೇನಾ ಅಜ್ಜಿ?"

"ಅಷ್ಟೇನಾ ಅಂದ್ರೆ? ಉಸಿರು ಸಣ್ಣ ವಿಷಯವಾ?" ಮುದುಕಿ ಶಾಲು ಸರಿಮಾಡಿಕೊಂಡು ಗಾಳಿಗೆ ಬೆನ್ನು ಕೊಟ್ಟು ನಿಂತಳು. "ಮನೇಲಿ ಕಾಫಿ ಇದೆಯೋ ಇಲ್ವೋ?"

"ಇದೆ, ಬನ್ನಿ," ಎಂದಳು ಎಲ್ಸ್ಪಾ, ಮತ್ತು ಅಜ್ಜಿಯ ನಡಿಗೆಗೆ ಹೆಜ್ಜೆ ಹೊಂದಿಸಿಕೊಂಡು, ನಿಧಾನವಾಗಿ ಇಳಿಜಾರಿನಲ್ಲಿ ಮನೆಯ ಕಡೆ ಹೊರಟಳು.